ಅಕ್ಕನಿಗೊಂದು ಮಂಚ

ಅಕ್ಕ ಬರುತ್ತೇನೆ ಎಂದು ಒಪ್ಪಿದ ಮರುದಿನ ನಾನು ಯಾರದೋ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿಬಿಟ್ಟೆ. ಪಾಪ, ಆ ಮನುಷ್ಯ ಕನ್ನಡಕ ಹಾಕಿಕೊಂಡು ಹೊರಡಲು ಹೋಗಿ ಬಾಗಿಲಿಗೆ ಹಣೆ ಚಚ್ಚಿಕೊಂಡ. ಇಪ್ಪತ್ತೊಂಬತ್ತು ವರ್ಷದ ಕೆಲಸದಲ್ಲಿ ಇಂಥ ತಪ್ಪು ಅದೇ ಮೊದಲು. ಮಾಲೀಕರು ಹಿಂದಿನ ಕೋಣೆಗೆ ಬಂದು, "ಏನಮ್ಮಾ, ಹುಷಾರಿಲ್ವಾ?" ಎಂದರು. "ನಮ್ಮಕ್ಕ ಬರ್ತಿದಾಳೆ," ಎಂದೆ. ಅದು ಅವರ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ಆದರೂ ತಲೆಯಾಡಿಸಿ ಹೋದರು.

ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯವಳು. ಮುಂದೆ, ಝಗಝಗಿಸುವ ದೀಪದ ಕೆಳಗೆ, ಇಸ್ತ್ರಿ ಮುರಿಯದ ಬಟ್ಟೆ ಹಾಕಿಕೊಂಡವರು "ಇದು ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ" ಎಂದು ಎಲ್ಲರಿಗೂ ಒಂದೇ ಸುಳ್ಳು ಹೇಳುತ್ತಾರೆ. ಹಿಂದೆ ನಾನು ಗಾಜಿನ ಅಂಚು ತೇಯುತ್ತೇನೆ, ಫ್ರೇಮಿಗೆ ಬಿಸಿ ಗಾಳಿ ಹಿಡಿದು ಕಿವಿಗೆ ಕೂರುವ ಕಡ್ಡಿ ಬಗ್ಗಿಸುತ್ತೇನೆ, ಸಾಸಿವೆಗಿಂತ ಚಿಕ್ಕ ತಿರುಪು ಬಿಗಿಯುತ್ತೇನೆ. ಎರಡು ಕಣ್ಣಿನ ನಡುವಿನ ಅಂತರ ಒಂದೆರಡು ಮಿಲಿಮೀಟರ್ ತಪ್ಪಿದರೂ ಹಾಕಿಕೊಂಡವರಿಗೆ ತಲೆನೋವು. ಹಾಗಾಗಿ ನನಗೆ ಅಳತೆಯ ಹುಚ್ಚು. ಜೇಬಿನಲ್ಲಿ ಯಾವಾಗಲೂ ಒಂದು ಸ್ಟೀಲ್ ಸ್ಕೇಲು ಇರುತ್ತದೆ.

ನಾನು ಒಬ್ಬಳೇ ಇರುವವಳು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿದ್ದ ಕಾಲ ದಾಟಿಹೋಗಿದೆ. ಸಂಜೆ ಬೀಗ ತೆಗೆದು ಒಳಗೆ ಕಾಲಿಟ್ಟರೆ, ಬೆಳಿಗ್ಗೆ ಕುಡಿದಿಟ್ಟ ಕಾಫಿ ಲೋಟ ಇಟ್ಟಲ್ಲೇ ಇರುತ್ತದೆ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾರಾದರೂ ಅದನ್ನು ಒಂದಿಷ್ಟು ಆಚೆ ಸರಿಸಬಾರದೆ? ಬೈಯುವುದಕ್ಕಾದರೂ ಮನೆಯಲ್ಲಿ ಇನ್ನೊಂದು ಜೀವ ಬೇಕು. ಇದನ್ನು ಸುತ್ತಿ ಬಳಸಿ ಹೇಳುವುದು ನನಗೆ ಗೊತ್ತಿಲ್ಲ.

ಭಾವ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಕ್ಕನಿಗೆ ಮಕ್ಕಳಿಲ್ಲ. ರೈಲಿನಲ್ಲಿ ಐದು ಗಂಟೆ ದೂರದ ಊರಿನಲ್ಲಿ, ಎರಡು ಕೋಣೆಯ ಮನೆಯಲ್ಲಿ ಅವಳೊಬ್ಬಳೇ. ಪ್ರತಿ ಭಾನುವಾರ ಫೋನ್ ಮಾಡಿ, "ಆ ಮನೇಲಿ ಒಬ್ಬಳೇ ಕೂತು ಏನ್ ಮಾಡ್ತೀಯ? ಬಂದ್ಬಿಡು ಅಕ್ಕಾ, ಇಬ್ಬರೂ ಒಟ್ಟಿಗೆ ಇರೋಣ," ಎಂದು ಪೀಡಿಸುತ್ತಿದ್ದೆ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನಂಬಿದ್ದೆ. ಅವಳು ಇವತ್ತು ನಾಳೆ ಎಂದು ಮುಂದೂಡುತ್ತ ಬಂದಳು. ಕೊನೆಗೊಂದು ಭಾನುವಾರ, "ಆಯ್ತು ಕಣೇ ಬಾಲ, ಈ ಎರಡು ತಿಂಗಳು ಕಳೀಲಿ. ಆಮೇಲೆ ಒಂದು ತಿಂಗಳು ಬಂದು ಇರ್ತೀನಿ. ಸರಿಹೋದ್ರೆ ಅಲ್ಲೇ ಉಳಿಯೋದು. ನೋಡೋಣ," ಎಂದಳು.

ಬಾಲ ಎಂದರೆ ನಾನು. ಚಿಕ್ಕಂದಿನಲ್ಲಿ ಅಕ್ಕ ಹೋದಲ್ಲೆಲ್ಲ ಅವಳ ಹಿಂದೆ ನಾನಿರುತ್ತಿದ್ದೆ. ಅವಳಿಗೂ ನನಗೂ ಏಳು ವರ್ಷದ ಅಂತರ. ಅಪ್ಪನದು ಊರೂರು ಸುತ್ತುವ ಕೆಲಸ, ಅಮ್ಮನಿಗೆ ನೂಲಿನ ಗಿರಣಿಯಲ್ಲಿ ರಾತ್ರಿ ಪಾಳಿ. ಹಾಗಾಗಿ ಅಮ್ಮ ಮಾಡಬೇಕಾದ್ದನ್ನೆಲ್ಲ ಅಕ್ಕನೇ ಮಾಡಿದಳು.

ಅಕ್ಕ ಬರುವ ಹೊತ್ತಿಗೆ ಮಲಗುವ ಕೋಣೆ ಕೋಣೆಯ ಹಾಗೆ ಕಾಣಬೇಕಿತ್ತು. ಅಲ್ಲಿಯವರೆಗೆ ಅದು ಸಾಮಾನು ತುಂಬುವ ಜಾಗ. ಮುರಿದ ಫ್ಯಾನು, ಖಾಲಿ ಡಬ್ಬಗಳು, ನೆಲದ ಮೇಲೆ ನನ್ನದೊಂದು ಹಾಸಿಗೆ. ಹೊಸ ಸಾಮಾನು ತಂದು ತುಂಬಿದರೆ ಅದು ಹೋಟೆಲಿನ ರೂಮಾದೀತೇ ಹೊರತು ಅಕ್ಕನ ಮನೆಯಾಗದು ಎನ್ನಿಸಿತು. ನನಗೆ ಬೇಕಾಗಿದ್ದದ್ದು ಒಂದೇ ಕೋಣೆ, ನಾವಿಬ್ಬರೂ ಮಲಗುತ್ತಿದ್ದ ಆ ಹಳೆಯ ಕೋಣೆ. ಆ ಮನೆಯನ್ನು ಕೆಡವಿ ಎಷ್ಟೋ ವರ್ಷವಾಗಿದೆ. ಆದರೆ ಕಣ್ಣು ಮುಚ್ಚಿದರೆ ಅದರ ಒಂದೊಂದು ಅಂಗುಲವೂ ನನಗೆ ಕಾಣುತ್ತದೆ.

ಅಂಗಡಿಯಿಂದ ಎರಡು ರಸ್ತೆ ಆಚೆ, ಟೈರ್ ಗೋಡೌನಿನ ಪಕ್ಕ ಹಳೇ ಸಾಮಾನಿನ ಅಂಗಡಿಯೊಂದಿದೆ. ಅದರ ಯಜಮಾನನ ಕನ್ನಡಕವನ್ನು ನಾನು ನಾಲ್ಕು ಸಲ ರಿಪೇರಿ ಮಾಡಿದ್ದೇನೆ. ಸೋಫಾದ ಮೇಲೆ ಬಿಟ್ಟು ಅದರ ಮೇಲೇ ಕೂರುವ ಆಸಾಮಿ. ಅವನಿಗೆ ನಾನು ಕನ್ನಡಕದಮ್ಮ. ಅವನ ಅಂಗಡಿಯ ಪ್ರತಿಯೊಂದು ಕುರ್ಚಿಯ ಮೇಲೂ ಒಬ್ಬ ಜಡ್ಜ್ ಸಾಹೇಬರು ಕೂತಿದ್ದಾರೆ, ಪ್ರತಿಯೊಂದು ಕನ್ನಡಿಯಲ್ಲೂ ಒಬ್ಬ ನಟಿ ಮುಖ ನೋಡಿಕೊಂಡಿದ್ದಾಳೆ. ಬಾಯಿ ತೆರೆದರೆ ರೈಲು ಬಿಡುತ್ತಾನೆ.

"ಒಂದೇ ಥರದ ಎರಡು ಕಬ್ಬಿಣದ ಮಂಚ ಬೇಕು. ತಲೆ ಹತ್ತಿರ ಕಂಬಿ ಬಿಲ್ಲಿನ ಹಾಗೆ ಬಗ್ಗಿರಬೇಕು. ಅಗಲ ಎರಡೂಮುಕ್ಕಾಲು ಅಡಿ," ಎಂದೆ.

"ಜೋಡಿ ಸಿಗೋದು ಕಷ್ಟ ಕನ್ನಡಕದಮ್ಮಾ. ಮಂಚ ಅನ್ನೋದೂ ಗಂಡ ಹೆಂಡ್ತಿ ಇದ್ದ ಹಾಗೆ. ಒಂದು ಉಳಿದಿರುತ್ತೆ, ಇನ್ನೊಂದು ಎಲ್ಲೋ ಹೋಗಿರುತ್ತೆ."

"ತತ್ವ ಬೇಡ, ಮಂಚ ಹುಡುಕಿ."

ಎರಡು ತಿಂಗಳು, ಪ್ರತಿ ಭಾನುವಾರವೂ ಅಲ್ಲೇ ಕಳೆಯಿತು. ಮೊದಲು ಹಸಿರು ಬಣ್ಣದ್ದೊಂದು ಮಂಚ ಸಿಕ್ಕಿತು, ಮೂರು ವಾರ ಬಿಟ್ಟು ಬಿಳಿಯದೊಂದು. ಎರಡನ್ನೂ ಮರಳು ಕಾಗದ ಹಾಕಿ ಉಜ್ಜಿ, ತುಕ್ಕು ತೆಗೆದು, ಒಂದೇ ಕೆನೆ ಬಣ್ಣ ಬಳಿದೆ. ಉಗುರಿನ ಸಂದಿಯ ಬಣ್ಣ ಒಂದು ವಾರ ಹೋಗಲಿಲ್ಲ. ಒಂದು ಸಣ್ಣ ಮರದ ಬೀರು ತಂದೆ. ಅದರ ಕನ್ನಡಿಗೆ ಅಲ್ಲಲ್ಲಿ ಪಾದರಸ ಹೋಗಿ, ನೋಡಿಕೊಂಡವರ ಗಲ್ಲದ ಮೇಲೆ ಒಂದು ಕಪ್ಪು ಮಚ್ಚೆ ಮೂಡುತ್ತಿತ್ತು. ಜಡ್ಜ್ ಸಾಹೇಬರದೇ ಅಂತೆ. ಆಮೇಲೆ ಒಂದು ಸ್ಟೂಲು, ಕುತ್ತಿಗೆ ಬಗ್ಗುವ ಮೇಜಿನ ದೀಪ, ಕಿಟಕಿಗೆ ನೀಲಿ ಚೌಕುಳಿಯ ಪರದೆ. ಆ ನೀಲಿಗಾಗಿ ನಾನು ಹಳೇ ಬಟ್ಟೆಯ ಎಷ್ಟು ರಾಶಿ ಮಗುಚಿದೆನೋ ಲೆಕ್ಕವಿಲ್ಲ.

ಚಿತ್ರಗಳು ಅಂಗಡಿಯ ಹಿಂದುಗಡೆ, ಗೋಡೆಗೆ ಒರಗಿಸಿಟ್ಟ ಸಾಲಿನಲ್ಲಿದ್ದವು. ದಾರದಲ್ಲಿ ಕಸೂತಿ ಹಾಕಿದ ಎರಡು ಹಕ್ಕಿ. ಯಾರದೋ ಮನೆಯ ಯಾವುದೋ ಹೆಂಗಸಿನ ಭಾವಚಿತ್ರ. ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದಳು. ಖಂಡಿತ ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲ, ಯಾರೂ ಕನ್ನಡಕ ಕೊಡಿಸಿರಲಿಲ್ಲ. ಪಾಪ ಎನ್ನಿಸಿ ಅವಳನ್ನೂ ಕರೆತಂದೆ. ಕಟ್ಟಕಡೆಗೆ, ಒಡೆದ ಗಾಜಿನ ಚೌಕಟ್ಟಿನೊಳಗೆ, ಆ ರಸ್ತೆ ಸಿಕ್ಕಿತು. ಎರಡು ಕಡೆ ಸಾಲುಮರ, ನಡುವೆ ಮಣ್ಣಿನ ರಸ್ತೆ, ತುದಿಯಲ್ಲಿ ಒಂದು ತಿರುವು. ನಮ್ಮ ಕೋಣೆಯಲ್ಲಿ ಅಪ್ಪ ತಂದು ಹಾಕಿದ್ದ ಚಿತ್ರ ಇದಲ್ಲ, ಆದರೆ ಇದರ ತಮ್ಮನೋ ತಂಗಿಯೋ ಆಗಿರಬೇಕು. ಅಲ್ಲಿ ರಸ್ತೆ ಬಲಕ್ಕೆ ತಿರುಗುತ್ತಿತ್ತು, ಇಲ್ಲಿ ಎಡಕ್ಕೆ. ಅಕ್ಕ ಅದನ್ನು ನೋಡುತ್ತ, ಆ ತಿರುವಿನ ಆಚೆ ಏನೇನಿದೆ ಎಂದು ದಿನಕ್ಕೊಂದು ಕಥೆ ಹೇಳುತ್ತಿದ್ದಳು. ನಾನು ಅಂಗಡಿಯಲ್ಲೇ ಕುಕ್ಕುರುಗಾಲಲ್ಲಿ ಕೂತು ಅತ್ತೆ. "ಗಾಜು ಹೊಸದು ಹಾಕಿಸ್ಕೊಡ್ತೀನಿ ಬಿಡಿ," ಎಂದ ಅಂಗಡಿಯಾತ, ಗಾಬರಿಯಾಗಿ.

ಮಂಚ ಎರಡನ್ನೂ ಹಾಕುವಾಗ ಸ್ಕೇಲು ಹೊರಗೆ ಬಂತು. ಅಕ್ಕನದು ಗೋಡೆಗೆ ತಾಗಿಕೊಂಡು, ನನ್ನದು ಬಾಗಿಲ ಕಡೆಗೆ, ನಡುವೆ ಒಂದೂವರೆ ಅಡಿ. ಅಷ್ಟೇ ಇತ್ತು ಆಗಲೂ. ನನಗೆ ಕತ್ತಲೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅಕ್ಕ ತನ್ನ ಮಂಚದಿಂದ ಕೈ ಚಾಚುತ್ತಿದ್ದಳು, ನಾನು ನನ್ನದರಿಂದ. ಕೈ ಕೈ ಹಿಡಿದೇ ಮಲಗುತ್ತಿದ್ದೆವು. ನನಗೆ ಐದು ವರ್ಷವಾದಾಗಿನಿಂದ ಅಕ್ಕನ ಮದುವೆಯಾಗುವ ತನಕ, ಏಳು ವರ್ಷ, ಒಂದು ರಾತ್ರಿಯೂ ಬಿಟ್ಟಿರಲಿಲ್ಲ. ಆಮೇಲೆ ಅಂಥ ನಿದ್ದೆ ನನಗೆ ಎಂದೂ ಬರಲಿಲ್ಲ.

ಅಕ್ಕ ಬೆಳಗಿನ ರೈಲಿಗೆ ಬಂದಳು. ಒಂದೇ ಒಂದು ಸಣ್ಣ ಚೀಲ. "ತಿಂಗಳಿಗೆ ಇಷ್ಟೇನಾ ಬಟ್ಟೆ?" ಎಂದೆ. "ಒಗೆದು ಹಾಕ್ಕೊಂಡ್ರಾಯ್ತಪ್ಪ," ಎಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಆದರೆ ಮುಖ ನಾನು ಹೆದರಿದ್ದಷ್ಟು ಬಾಡಿರಲಿಲ್ಲ. ಭಾವ ಹೋದಾಗ ನೋಡಿದ್ದಕ್ಕಿಂತ ಮೈ ತುಂಬಿಕೊಂಡಿದ್ದಳು. ಬಂದವಳು ಸೀದಾ ಅಡುಗೆಮನೆಗೆ ಹೋಗಿ, ತೊಟ್ಟಿಯಲ್ಲಿದ್ದ ಪಾತ್ರೆ ತೊಳೆಯತೊಡಗಿದಳು. ನಾನು ಅವಳ ಕಣ್ಣು ಮುಚ್ಚಿ, ಹೆಗಲು ಹಿಡಿದು, ಕೋಣೆಯ ಬಾಗಿಲಲ್ಲಿ ತಂದು ನಿಲ್ಲಿಸಿದೆ.

ಕಣ್ಣು ಬಿಟ್ಟವಳು ಒಳಗೆ ಹೋದಳು. ಮಂಚದ ಕಂಬಿಯ ಮೇಲೆ ಕೈ ಆಡಿಸಿದಳು. ಪರದೆ ನೋಡಿದಳು, ರಸ್ತೆಯ ಚಿತ್ರ ನೋಡಿದಳು.

"ಅದೇ ಕೋಣೆ," ಎಂದಳು.

"ಅದೇ! ಗುರುತು ಸಿಕ್ತಾ?"

"ಸಿಗದೇ ಇರುತ್ತಾ. ಗೋಡೆ ಕಡೇದು ನಂದಾ?"

"ಮತ್ತೆ? ಯಾವಾಗ್ಲೂ ಅದೇ ತಾನೇ ನಿಂದು?"

ಅವಳು ನಕ್ಕಳು. ಕಣ್ಣಲ್ಲಿ ನೀರಿತ್ತು. ನಾನು ಅದನ್ನು ಸಂತೋಷದ ನೀರು ಎಂದುಕೊಂಡು ಹಿಗ್ಗಿ ಹೀರೇಕಾಯಿಯಾದೆ.

ಆ ರಾತ್ರಿ ನಾನೇ ಕೈ ಚಾಚಿದೆ. ಐವತ್ತನಾಲ್ಕು ವರ್ಷದ ಹೆಂಗಸು, ನಾಚಿಕೆ ಬಿಟ್ಟು. ಅಕ್ಕ ಗೋಡೆ ಕಡೆಯಿಂದ ಈ ಕಡೆ ಹೊರಳಿ, ಹಿಡಿದುಕೊಂಡಳು. ಕಣ್ಣು ಮುಚ್ಚಿದ್ದೊಂದೇ ಗೊತ್ತು, ಬೆಳಗಾಗಿತ್ತು. ಮರುದಿನವೂ ಹಾಗೆಯೇ. ಒಂದು ವಾರ ಕೊರಡಿನ ಹಾಗೆ ನಿದ್ದೆ ಮಾಡಿದೆ. ಅಂಗಡಿಯಲ್ಲಿ ನನ್ನ ಮುಖ ನೋಡಿ, "ಏನು ಸಮಾಚಾರ, ಲವ್ವಾ?" ಎಂದು ಮುಂದಿನವರು ಕಾಲೆಳೆದರು. "ಹೌದು, ನಮ್ಮಕ್ಕನ ಜೊತೆ," ಎಂದೆ. ಸಂಜೆ ಮನೆಗೆ ಹೋದರೆ ಬಾಗಿಲು ತೆರೆದಿರುತ್ತಿತ್ತು. ಡಬ್ಬಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿಟ್ಟಿದ್ದಳು. ನನಗೆ ಒಂದೂ ಸಿಗುತ್ತಿರಲಿಲ್ಲ. ಎಷ್ಟು ಸುಖ!

ಅಕ್ಕನ ಕಣ್ಣು ಮಾತ್ರ ದಿನದಿನಕ್ಕೂ ಕೆಂಪಗಾಗುತ್ತ ಹೋಯಿತು. ಮಾತಾಡುತ್ತ ಆಡುತ್ತ ಆಕಳಿಸುವಳು. ಲೋಟ ಎಲ್ಲಿಟ್ಟೆ ಎಂದು ಕೈಯಲ್ಲಿ ಲೋಟ ಹಿಡಿದೇ ಹುಡುಕುವಳು. ಜಾಗ ಹೊಸದು, ಅದಕ್ಕೆ ಎಂದುಕೊಂಡೆ. ದಿಂಬು ಬದಲಾಯಿಸಿದೆ. ಆಮೇಲೆ ಕನ್ನಡಕದ ನಂಬರ್ ಬದಲಾಗಿರಬೇಕೆಂದು ಅಂಗಡಿಗೇ ಕರೆದುಕೊಂಡು ಹೋಗಿ, ಕಣ್ಣು ಪರೀಕ್ಷೆ ಮಾಡಿಸಿ, ನನ್ನ ಕೈಯಾರೆ ಹೊಸ ಕನ್ನಡಕ ಮಾಡಿಕೊಟ್ಟೆ. ಅದನ್ನು ಹಾಕಿಕೊಂಡು ಇನ್ನೂ ಸ್ಪಷ್ಟವಾಗಿ ಆಕಳಿಸಿದಳು.

ಒಂಬತ್ತನೇ ದಿನ ಅಂಗಡಿಯಲ್ಲಿ ಗಾಜು ತೇಯುವ ಯಂತ್ರದ ಮೋಟಾರು ಸುಟ್ಟುಹೋಯಿತು. ಮೆಕ್ಯಾನಿಕ್ ಬರುವುದು ನಾಳೆಗೆ ಎಂದರು. ಮಧ್ಯಾಹ್ನ ಮೂರಕ್ಕೇ ಮನೆಗೆ ಬಂದೆ. ಬಾಗಿಲು ಮುಂದೆ ಮಾಡಿತ್ತು.

ಅಕ್ಕ ಹಾಲ್‌ನಲ್ಲಿ, ಬರೀ ನೆಲದ ಮೇಲೆ ಮಲಗಿದ್ದಳು. ತಲೆಗೆ ದಿಂಬಿಲ್ಲ, ಕೆಳಗೆ ಚಾಪೆಯಿಲ್ಲ. ಕೈ ಒಂದು ದಿಕ್ಕು, ಕಾಲು ಒಂದು ದಿಕ್ಕು, ಬಾಯಿ ತೆರೆದು, ಗೊರಕೆ ಹೊಡೆಯುತ್ತ. ಅಕ್ಕ ಹಾಗೆ ಹರಡಿಕೊಂಡು ಮಲಗಿದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನೋಡುತ್ತಿದ್ದಂತೆ ಈ ಮಗ್ಗುಲಿಂದ ಆ ಮಗ್ಗುಲಿಗೆ ಧಡಕ್ಕನೆ ಹೊರಳಿದಳು, ಸ್ವಲ್ಪ ಹೊತ್ತಿಗೆ ಮತ್ತೆ ಈ ಕಡೆ. ನಾನು ಚಪ್ಪಲಿ ಬಿಡದೆ ಗೋಡೆಗೆ ಒರಗಿ ಕೂತೆ.

ಎದ್ದವಳು ನನ್ನನ್ನು ಕಂಡು, ಕದಿಯುವಾಗ ಸಿಕ್ಕಿಬಿದ್ದವಳ ಹಾಗೆ ಬಟ್ಟೆ ಸರಿಮಾಡಿಕೊಂಡಳು.

"ದಿನಾ ಇಲ್ಲೇನಾ ಮಲಗೋದು?" ಎಂದೆ.

"ನೀನು ಹೋದ್ಮೇಲೆ ಒಂದ್ ಸ್ವಲ್ಪ ಹೊತ್ತು."

"ರಾತ್ರಿ ನಿದ್ದೆ ಬರಲ್ವಾ?"

ಕಾಫಿ ಇಡುತ್ತೇನೆಂದು ಅವಳು ಏಳಹೋದಳು. ನಾನು ಬಿಡಲಿಲ್ಲ. ನಾನು ಯಾವತ್ತೂ ಬಿಟ್ಟವಳಲ್ಲ.

"ಬೇಜಾರು ಮಾಡ್ಕೋಬೇಡ ಕಣೇ," ಎಂದಳು ಕೊನೆಗೆ. "ಕೋಣೆ ನೋಡಿದ ಕೂಡ್ಲೇ ನಂಗೆ ಎದೆ ಧಸಕ್ ಅಂತು. ನಿಂಗೆ ಕೈ ಕೊಟ್ಟು ಮಲಗಿದ್ರೆ ನಂಗೆ ಮಗ್ಗುಲು ಬದಲಿಸೋಕೆ ಆಗ್ತಿರಲಿಲ್ಲ. ಹೊರಳಿದ್ರೆ ನೀನು ಏಳ್ತಿದ್ದೆ. ಎದ್ದು ಹೋಗೋಣ ಅಂದ್ರೆ ಈ ಕಡೆ ಗೋಡೆ, ಆ ಕಡೆ ನೀನು. ತೋಳು ಜೋಮು ಹಿಡಿಯೋದು. ಆ ರಸ್ತೆ ಚಿತ್ರ ನೋಡ್ಕೊಂಡು ಬೆಳಗಾಗೋದನ್ನೇ ಕಾಯ್ತಿದ್ದೆ."

"ಕಥೆ ಹೇಳ್ತಿದ್ಯಲ್ಲ?"

"ಬೇಗ ಮಲಗ್ಲಿ ಅಂತ ಹೇಳ್ತಿದ್ದೆ."

ನನಗೆ ಸಿಟ್ಟು ಬಂತು. ಅಳು ಬರುವ ಕಡೆಯಲ್ಲೆಲ್ಲ ನನಗೆ ಸಿಟ್ಟೇ ಮೊದಲು ಬರುವುದು. "ಅಷ್ಟು ಹಿಂಸೆ ಆಗಿದ್ರೆ ಕೈ ಬಿಡಿಸ್ಕೋಬೇಕಿತ್ತು!"

"ಬಿಡಿಸ್ಕೊಂಡೆ, ಒಂದ್ಸಲ. ನೀನು ಎದ್ದು ಕೂತ್ಕೊಂಡೆ. ಅಳಲಿಲ್ಲ ಏನಿಲ್ಲ. ಸುಮ್ನೆ ನನ್ನೇ ನೋಡ್ತಾ ಕೂತಿದ್ದೆ, ಅಮ್ಮ ಬರೋ ತನಕ. ಆಮೇಲೆ ನಾನು ಬಿಡಿಸ್ಕೊಳ್ಳಲಿಲ್ಲ."

ನನಗೆ ಅದು ನೆನಪೇ ಇಲ್ಲ. ಎಲ್ಲ ನೆನಪಿದೆ ಎಂದು ಮೆರೆಯುತ್ತಿದ್ದವಳಿಗೆ ಅದೊಂದು ನೆನಪಿಲ್ಲ.

ಅಕ್ಕ ನೆಲ ನೋಡುತ್ತಲೇ ಮಾತಾಡಿದಳು. "ಹತ್ತೊಂಬತ್ತಕ್ಕೆ ಮದುವೆ. ಅಲ್ಲೂ ಒಂದು ಪಕ್ಕ ಗೋಡೆ, ಒಂದು ಪಕ್ಕ ಅವರು. ಕೆಟ್ಟವರಲ್ಲ, ಆದ್ರೆ ನಿದ್ದೆ ಬಹಳ ತೆಳು. ನಾನು ಅಲ್ಲಾಡೋ ಹಾಗಿರಲಿಲ್ಲ. ಈ ಹತ್ತು ತಿಂಗಳಿಂದ... ಹೇಳ್ಕೊಳ್ಳೋಕೆ ನಾಚ್ಕೆ ಆಗುತ್ತೆ ಕಣೇ. ಅವರು ಹೋದ ದುಃಖ ಇದೆ, ಸುಳ್ಳಲ್ಲ. ಆದ್ರೆ ಮಂಚದ ನಡುಮಧ್ಯ ಮಲಗ್ತೀನಿ. ಅಡ್ಡಡ್ಡ ಮಲಗ್ತೀನಿ. ಯಾರೂ ಏಳಲ್ಲ. ನನ್ನ ಜೀವಮಾನದಲ್ಲೇ ಇಷ್ಟು ಸುಖವಾಗಿ ನಾನು ಮಲಗಿರಲಿಲ್ಲ."

ನಾನು ಅಕ್ಕನ ಒಂಟಿತನವನ್ನು ಹೋಗಲಾಡಿಸಲು ಕೋಣೆ ಮಾಡಿದ್ದೆ. ಅಕ್ಕ ಒಂಟಿಯಾಗಿ ಸುಖವಾಗಿದ್ದಳು. ಇಡೀ ಎರಡು ತಿಂಗಳು ನನ್ನ ಕಣ್ಣಿನ ನಂಬರಿಗೆ ಗಾಜು ತೇದು ಅವಳ ಮೂಗಿನ ಮೇಲೆ ಇಟ್ಟಿದ್ದೆ. ನಮ್ಮ ಕಸುಬಿನಲ್ಲಿ ನಿನ್ನೆ ಸೇರಿದವರೂ ಮಾಡದ ತಪ್ಪು ಅದು.

"ಕೋಣೆ ನೀನೇ ಇಟ್ಕೋ," ಎಂದೆ. "ಒಂದು ಮಂಚ ವಾಪಸ್ ಕೊಡ್ತೀನಿ. ನಾನು ಇಲ್ಲಿ ಹಾಲ್‌ನಲ್ಲಿ ಮಲಗ್ತೀನಿ."

"ನೀನು ನಿನ್ನ ಮನೇಲೇ ನೆಲದ ಮೇಲೆ ಮಲಗಿದ್ರೆ ನಾನು ಒಳಗೆ ನಿದ್ದೆ ಮಾಡ್ತೀನಾ? ನಿಂಗೆ ಹೆದರಿಕೆ ಆಯ್ತೇನೋ ಅಂತ ಕಿವಿ ಈ ಕಡೇನೇ ಇರುತ್ತೆ. ನನ್ನ ಬುದ್ಧಿ ನಂಗೆ ಗೊತ್ತಿಲ್ವಾ?" ಅವಳು ಎದ್ದು, ನನ್ನ ತಲೆಯ ಮೇಲೆ ಕೈಯಿಟ್ಟಳು. "ಬಿಡು. ಇಷ್ಟು ಆಸೆಯಿಂದ ಮಾಡಿದೀಯ. ನಾನು ಇಲ್ಲೇ ಇರ್ತೀನಿ, ಒಂದು ತಿಂಗಳಲ್ಲ, ಕಾಯಂ ಇರ್ತೀನಿ. ಅಭ್ಯಾಸ ಆಗುತ್ತೆ."

ನಾನು ಯಾವ ಮಾತಿಗಾಗಿ ಎಂಟು ತಿಂಗಳು ಗೋಗರೆದಿದ್ದೆನೋ ಆ ಮಾತು ಅದು. ಕಾಯಂ. ಹೂಂ ಎಂದುಬಿಟ್ಟಿದ್ದರೆ ಮುಗಿದಿತ್ತು. ಆ ರಾತ್ರಿ ನಾನು ಕೈ ಚಾಚಲಿಲ್ಲ. ಅಕ್ಕನೇ ಚಾಚಿದಳು. ಹಿಡಿದುಕೊಂಡು, ನಿದ್ದೆ ಬಂದವಳ ಹಾಗೆ ಉಸಿರಾಡುತ್ತ ಮಲಗಿದೆ. ಪಕ್ಕದಲ್ಲಿ ಅಕ್ಕ ಅಲ್ಲಾಡಲೇ ಇಲ್ಲ. ಯಾರಾದರೂ ಅಷ್ಟು ಹೊತ್ತು ಅಲ್ಲಾಡದೆ ಇರಬಲ್ಲರು ಎಂದು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತ, ಅವಳ ಮುಖ ನೋಡದೆ ಸುಳ್ಳು ಹೇಳಿದೆ.

"ಅಕ್ಕಾ, ನಿಂಗೆ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲ. ನಮ್ಮಂಗಡಿ ಕೌಂಟರಿಗೆ ಹೊಸಬಳೊಬ್ಬಳು ಸೇರಿದಾಳೆ. ನಲವತ್ತು ವರ್ಷ ಇರಬಹುದು. ಇರೋಕೆ ಜಾಗ ಇಲ್ಲ. ನೀನು ಬರ್ತೀಯೋ ಇಲ್ವೋ ಅಂತ, ಮುಂಚೆನೇ ಅವಳಿಗೆ ಕೋಣೆ ಕೊಡ್ತೀನಿ ಅಂದಿದ್ದೆ. ಈಗ ನಾಳೆನೇ ಬರ್ತೀನಿ ಅಂತಿದಾಳೆ."

"ನಾಳೇನಾ?"

"ಮಾತು ಕೊಟ್ಬಿಟ್ಟಿದೀನಿ. ನಿಂಗೆ ಬೇಜಾರಾಗುತ್ತೇನೋ ಅಂತ..."

ಅವಳ ಮುಖದ ಮೇಲೆ ಬಂದ ಸಮಾಧಾನವನ್ನು ನಾನು ನೋಡಬಾರದಿತ್ತು. ತಡೆಯಲು ಅವಳು ಬಹಳ ಪ್ರಯತ್ನಪಟ್ಟಳು. ತುಟಿ ಬಿಗಿಹಿಡಿದಳು, ಹುಬ್ಬು ಗಂಟಿಕ್ಕಿದಳು. ಆದರೆ ಹೆಗಲು ಅವಳ ಮಾತು ಕೇಳಲಿಲ್ಲ, ಹೊರೆ ಇಳಿಸಿದ ಹಾಗೆ ತಾವೇ ಕೆಳಗಿಳಿದವು.

"ಛೆ, ಬೇಜಾರೇನು? ಮಾತು ಕೊಟ್ಮೇಲೆ ತಪ್ಪೋಕಾಗುತ್ತಾ?" ಎಂದಳು. "ಹೇಗಿದಾಳೆ? ಒಳ್ಳೆಯವಳಾ?"

"ಒಳ್ಳೆಯವಳು. ಬಾಯಿ ಮಾತ್ರ ಜಾಸ್ತಿ."

"ಒಳ್ಳೇದಾಯ್ತು ಬಿಡು. ನಿಂಗೆ ಮಾತಾಡೋರು ಬೇಕು." ಕಾಫಿ ಪೂರ್ತಿ ಕುಡಿಯದೆ ಎದ್ದಿದ್ದಳು.

"ರೈಲು ಎಷ್ಟೊತ್ತಿಗಿದೆಯೋ ನೋಡ್ಬೇಕು," ಎಂದೆ.

"ಎರಡೂ ಹತ್ತಕ್ಕೆ," ಎಂದಳು ಕೋಣೆಯೊಳಗಿನಿಂದ. "ಅದು ತಪ್ಪಿದ್ರೆ ಐದೂಮುಕ್ಕಾಲಿಗೆ ಇನ್ನೊಂದಿದೆ. ಭಾನುವಾರ ಮಾತ್ರ ಇರಲ್ಲ."

ನಾನು ಬಾಗಿಲಿಗೆ ಹೋಗುವ ಹೊತ್ತಿಗೆ ಅರ್ಧ ಬಟ್ಟೆ ಚೀಲದೊಳಗಿತ್ತು.

ಎರಡೂ ಹತ್ತರ ರೈಲಿಗೇ ಹೊರಟೆವು. ಪ್ಲಾಟ್‌ಫಾರ್ಮಿನಲ್ಲಿ ಅಕ್ಕ ನನ್ನನ್ನು ತಬ್ಬಿ ಹಿಡಿದು, "ಹೋದ ಕೂಡ್ಲೇ ಫೋನ್ ಮಾಡ್ತೀನಿ. ಅವಳ ಹತ್ರ ಜಗಳ ಆಡ್ಬೇಡ," ಎಂದಳು. ಇಲ್ಲ ಎಂದೆ. ಅವಳಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಚೀಲವನ್ನು ಮೇಲೆ ಇಟ್ಟು ಕೂತಳು. ರೈಲು ಬಿಡಲು ಇನ್ನೂ ಏಳೆಂಟು ನಿಮಿಷವಿತ್ತು. ದಾರಿಗೆ ನೀರು ತರೋಣವೆಂದು ಅಂಗಡಿಗೆ ಹೋದೆ. ಏನಾದರೂ ಹೇಳಬೇಕಿತ್ತು ನನಗೆ. ನಿನ್ನ ಏಳು ವರ್ಷಕ್ಕೆ ನಾನೇನು ಕೊಡಲಿ ಎಂದೋ, ತಪ್ಪಾಯಿತು ಎಂದೋ, ಸರಿಯಾದ ಮಾತೊಂದನ್ನು ಬಾಯಲ್ಲೇ ಜೋಡಿಸಿಕೊಳ್ಳುತ್ತ, ಬಾಟಲಿ ಹಿಡಿದು ಓಡಿ ಬಂದೆ.

ರೈಲು ಹೊರಡುವ ಮೊದಲೇ ಅಕ್ಕನಿಗೆ ನಿದ್ದೆ ಹತ್ತಿತ್ತು. ಸೀಟಿನ ಮೇಲೆ ಅಡ್ಡ ಒರಗಿ, ಎರಡೂ ಕೈ ಸಡಿಲ ಬಿಟ್ಟು, ಬಾಯಿ ತೆರೆದು ಮಲಗಿದ್ದಳು. ಕಿಟಕಿ ತಟ್ಟಲು ಎತ್ತಿದ ಕೈಯನ್ನು ಇಳಿಸಿಕೊಂಡೆ.